ಕರವಸ್ತ್ರದಲ್ಲಿ ಸುತ್ತಿದ ಗೆಜ್ಜೆ

ನಮ್ಮ ಮನೆಯ ಮುಂಬಾಗಿಲ ಹಿಂದೆ, ಕೊಡೆ ತೂಗುಹಾಕುವ ಮೊಳೆಯಲ್ಲಿ, ಕುರಿಯ ಕೊರಳಿಗೆ ಕಟ್ಟುವ ಗೆಜ್ಜೆಪಟ್ಟಿಯೊಂದು ನೇತಾಡುತ್ತಿದೆ. ನಮ್ಮಲ್ಲಿ ಕುರಿಯಿಲ್ಲ, ಇದ್ದ ಒಂದು ಹಸುವನ್ನೂ ಕೊಟ್ಟು ಬಹಳ ಕಾಲವಾಯಿತು. ಬಾಗಿಲು ತೆರೆದಾಗಲೆಲ್ಲ ಅದು ಝಲ್ಲೆನ್ನುತ್ತದೆ. ಬಂದವರು ಕತ್ತೆತ್ತಿ ನೋಡಿ, ‘ಓಹೋ, ಆ ಗೆಜ್ಜೆ ಇದೇನಾ’ ಎನ್ನುತ್ತಾರೆ. ಆಮೇಲೆ ಕಥೆ ಹೇಳುತ್ತಾರೆ, ಅದೂ ನನಗೇ. ಮೊನ್ನೆ ಸಿಲಿಂಡರ್ ತಂದವನ ಪ್ರಕಾರ ನಾನು ಈ ಗೆಜ್ಜೆ ಅಲುಗಿಸಿ ಎರಡು ಕರಡಿಗಳನ್ನು ಗುಡ್ಡ ಹತ್ತಿಸಿದ್ದೇನೆ. ಬೀದಿಯ ಕೊನೆಯ ಮನೆಯವರ ಪ್ರಕಾರ ಕರಡಿ ಒಂದೇ, ಆದರೆ ಬೆನ್ನ ಮೇಲೆ ಮರಿಯಿತ್ತು. ತಿದ್ದಲು ಹೋದರೆ, ಮುದುಕರಿಗೆ ಮರೆವು ಸಹಜವೆಂಬ ಕನಿಕರದಿಂದ ನನ್ನನ್ನು ನೋಡುತ್ತಾರೆ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ; ಆಮೇಲೆ ನೀವು ಯಾರ ಕಥೆಯನ್ನಾದರೂ ನಂಬಿಕೊಳ್ಳಿ. ಆ ರಾತ್ರಿ ನಾನು ಯಾವ ಪ್ರಾಣಿಯನ್ನೂ ಓಡಿಸಲಿಲ್ಲ. ಹೆದರಿದ್ದೆ. ಸಭ್ಯರು ಬರೆಯುವ ‘ಕೊಂಚ ಅಳುಕು’ ಅದಲ್ಲ. ನಾಲಗೆ ಅಂಗುಳಕ್ಕೆ ಅಂಟಿಕೊಂಡು, ಮೊಣಕಾಲ ಚಿಪ್ಪು ತನ್ನ ಜಾಗವನ್ನು ಮರೆಯುವಂಥ ಹೆದರಿಕೆ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಆಮೇಲಿನ ವಿದ್ಯೆಯನ್ನೆಲ್ಲ ಗ್ರಂಥಾಲಯದ ಮುರುಕು ಬೆಂಚಿನ ಮೇಲೂ ಭೂಮಾಪಕರ ಹಿಂದೆ ಸರಪಳಿ ಎಳೆಯುತ್ತಲೂ ಸಂಪಾದಿಸಿಕೊಂಡೆ. ಮೂವತ್ತಮೂರು ಅಡಿಯ ಆ ಕಬ್ಬಿಣದ ಸರಪಳಿಯ ಒಂದು ತುದಿ ಹಿಡಿದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹೊಲಗಳನ್ನು ಮೂವತ್ತು ವರ್ಷ ತಿರುಗಿದ್ದೇನೆ. ಆ ಕೆಲಸ ಮಾಡಿದವನು ಯಾರ ಮಾತನ್ನೂ ಸುಲಭವಾಗಿ ನಂಬುವುದಿಲ್ಲ. ಬದುವಿನ ಎರಡೂ ಬದಿಯವರು ಮನೆದೇವರ ಮೇಲೆ ಆಣೆಯಿಟ್ಟು ಹೇಳುತ್ತಾರೆ. ಸರಪಳಿ ಹಾಸಿದ ಮೇಲೆ ಇಬ್ಬರದೂ ಸುಳ್ಳೆಂದು ತಿಳಿಯುತ್ತದೆ. ಮಧುಗಿರಿಗೆ ಆ ಹೆಸರು ಬೆಟ್ಟದ ಜೇನಿನಿಂದ ಬಂತೆಂದು ಎಲ್ಲರೂ ಹೇಳುತ್ತಾರೆ. ನಾನು ಎಳೆಯವನಿದ್ದಾಗ ಹಿರಿಯರೆಲ್ಲ ಮದ್ದಗಿರಿ ಎನ್ನುತ್ತಿದ್ದರು. ಆಗ ಈ ಜೇನು ಎಲ್ಲಿತ್ತೆಂದು ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ, ಕಾಫಿ ಕೊಡುತ್ತಾರೆ.

ಎಲ್ಲವನ್ನೂ ಸಂದೇಹಿಸುತ್ತ ಬಂದ ನಾನು ಒಂದನ್ನು ಮಾತ್ರ ಎಂದೂ ಸಂದೇಹಿಸಿರಲಿಲ್ಲ. ಅದು ನನ್ನ ಹೆಜ್ಜೆ. ಹದಿಮೂರು ಹೆಜ್ಜೆಗೆ ಸರಿಯಾಗಿ ಒಂದು ಸರಪಳಿ. ಉಳುಮೆಯ ಹೊಲವಿರಲಿ, ಕೆರೆಯಂಗಳವಿರಲಿ, ಅದು ತಪ್ಪುತ್ತಿರಲಿಲ್ಲ. ಹಳೆಯ ಸರಪಳಿಯ ಕೊಂಡಿ ಸವೆದು ಉದ್ದವಾಗಿದೆಯೇ ಎಂದು ಅನುಮಾನ ಬಂದಾಗ ಸಾಹೇಬರು ನನ್ನನ್ನು ಅದರ ಪಕ್ಕ ನಡೆಸಿ ನೋಡುತ್ತಿದ್ದರು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಅದು ಮುರಿಯುವ ಘಟ್ಟ ಇನ್ನೂ ಮುಂದಿದೆ.

ಗೆಜ್ಜೆಯ ವಿಚಾರಕ್ಕೆ ಬಂದರೆ, ಅದು ನಮ್ಮ ವಂಶಕ್ಕೆ ಹೊಸದಲ್ಲ. ನನ್ನ ಅಜ್ಜ ಅಂಚೆಯ ಚೀಲ ಹೊತ್ತು ಓಡುತ್ತಿದ್ದವನು. ಶಿರಾ ಕಡೆಯಿಂದ ಬಂದ ಚೀಲವನ್ನು ದಾರಿಯಲ್ಲಿ ಪಡೆದು ಮುಂದಿನ ಓಟಗಾರ ಕಾಯುವ ಗುಡಿಸಲಿನವರೆಗೆ ಒಯ್ಯುವುದು ಅವನ ಪಾಲು. ಕೈಯಲ್ಲಿ ಈಟಿ, ಈಟಿಗೆ ಗೆಜ್ಜೆ. ಪುರವರದ ನಮ್ಮ ಹಳೆಯ ಮನೆಯ ಅಂಗಳದಲ್ಲಿ ಒಣಗಲು ಹರಡಿದ ಕಡಲೆಕಾಯಿಗೆ ಕಾವಲೆಂದು ಮಲಗುತ್ತಿದ್ದ ರಾತ್ರಿಗಳಲ್ಲಿ ನನ್ನ ತಂದೆ ಆ ಕಥೆ ಹೇಳುತ್ತಿದ್ದರು. ಬೆನ್ನಿಗೆ ಚುಚ್ಚುವ ಕಾಯಿ, ಹಸಿಮಣ್ಣಿನ ವಾಸನೆ, ನಡುವೆ ತಂದೆಯ ಗಂಭೀರ ಧ್ವನಿ. ಒಂದು ಅಮಾವಾಸ್ಯೆ ಅಜ್ಜ ಓಡುತ್ತಿರಲು ದಾರಿಗೆ ಅಡ್ಡವಾಗಿ ಕರಡಿ ನಿಂತಿತಂತೆ. ಅಜ್ಜ ಎಳ್ಳಷ್ಟೂ ಹೆದರದೆ ಗೆಜ್ಜೆ ಅಲುಗಿಸಿದನಂತೆ. ಕರಡಿ ತಲೆ ಬಾಗಿಸಿ ದಾರಿ ಬಿಟ್ಟಿತಂತೆ. ಅಜ್ಜ ಚೀಲವನ್ನು ಮುಂದೆ ಕಾದಿದ್ದವನ ಕೈಗಿತ್ತು, ಏನೂ ಆಗದವನಂತೆ ಎಲೆಯಡಿಕೆ ಹಾಕಿಕೊಂಡನಂತೆ. ನನಗಾಗ ಎಂಟೋ ಒಂಬತ್ತೋ ವರ್ಷ. ಅಮಾವಾಸ್ಯೆಯ ಕತ್ತಲಲ್ಲಿ ಕರಡಿ ತಲೆ ಬಾಗಿಸಿದ್ದು ಯಾರಿಗೆ ಕಂಡಿತೆಂದು ಕೇಳಿದೆ. ಬಿದ್ದ ಏಟಿಗೆ ಒಂದು ಹಿಡಿ ಕಡಲೆಕಾಯಿ ಕಿವಿಗೆ ಅಂಟಿಕೊಂಡಿತ್ತು.

ಬೆಳೆದ ಮೇಲೆ ನನ್ನದೇ ಒಂದು ಸಿದ್ಧಾಂತ ಕಟ್ಟಿಕೊಂಡೆ. ಗೆಜ್ಜೆ ಪ್ರಾಣಿಗಳಿಗಲ್ಲ, ಓಡುವವನು ತನ್ನ ಹೆದರಿಕೆಯನ್ನು ತಾನೇ ಕೇಳದಿರಲೆಂದು ಕಟ್ಟಿಕೊಂಡ ಸದ್ದು. ಅಜ್ಜ ಹೆದರುತ್ತಿದ್ದ, ಅದಕ್ಕೇ ಗೆಜ್ಜೆ. ಇದನ್ನು ನೆಂಟರ ಮದುವೆಮನೆಗಳಲ್ಲಿ ಸಾಧಿಸಿ ಹೇಳಿ ಎರಡು ಸಂಸಾರಗಳ ಮಾತು ಕಳೆದುಕೊಂಡಿದ್ದೇನೆ. ಈ ಸಿದ್ಧಾಂತವನ್ನೂ ನೆನಪಿಟ್ಟುಕೊಳ್ಳಿ. ಅದೂ ನಿಲ್ಲಲಿಲ್ಲ.

ನನ್ನ ಸೊಸೆ ಸವಿತ ಶಿರಾ ಸೀಮೆಯವಳು, ಹೈಸ್ಕೂಲಿನಲ್ಲಿ ಆಟ ಕಲಿಸುವ ಮೇಡಂ. ನಮ್ಮ ಕಡೆಯ ಓಟದ ಹವ್ಯಾಸಿಗಳ ಬಳಗವೊಂದು ಪಾವಗಡದಿಂದ ಸಂಜೆ ಹೊರಟು, ಶಿರಾ, ಮಧುಗಿರಿ ದಾಟಿ, ಬೆಳಗಾಗುವ ಹೊತ್ತಿಗೆ ಕೊರಟಗೆರೆ ಸೇರುವ ಸರದಿ ಓಟವೊಂದನ್ನು ಏರ್ಪಡಿಸಿತ್ತು. ತಂಡಕ್ಕೆ ಐವರು, ಒಬ್ಬರ ಪಾಲು ಮುಗಿದಲ್ಲಿ ಇನ್ನೊಬ್ಬರು ನಿಂತು, ಕೈಯಿಂದ ಕೈಗೆ ದಾಟುವ ಕೊಳವೆ ಪಡೆದು ಓಡಬೇಕು. ಪ್ರತಿ ತಂಡದಲ್ಲೂ ಅರವತ್ತು ದಾಟಿದವರೊಬ್ಬರು ಇರಲೇಬೇಕೆಂಬುದು ನಿಯಮ. ಸವಿತ ಊರೆಲ್ಲ ಹುಡುಕಿ, ಕೊನೆಗೆ ಊಟಕ್ಕೆ ಕುಳಿತಿದ್ದ ನನ್ನನ್ನು ನೋಡಿದಳು. ದಿನವೂ ಕೆರೆಯ ಏರಿಯ ಮೇಲೆ ನಾನು ಮಾಡುತ್ತಿದ್ದುದನ್ನು ಅವಳು ಓಟವೆಂದು ಕರೆದಳು. ನನ್ನ ಓಟವನ್ನು ಎಮ್ಮೆಗಳು ಹಿಂದೆ ಹಾಕಿದ್ದುಂಟು. ಆದರೂ ಹೊಗಳಿಕೆಗೆ ಸೋಲದ ಮಾವ ಯಾರು?

ಉಳಿದವರಲ್ಲಿ ಇಬ್ಬರು ಅವಳ ಜೊತೆಯ ಶಿಕ್ಷಕಿಯರು. ಇನ್ನೊಬ್ಬ ಓಬಳೇಶ, ಕ್ಯಾತಗಾನಚೆರ್ಲು ಕಡೆಯವನು. ಸೋಲಾರ್ ಹಲಗೆಗಳ ಧೂಳು ತೊಳೆಯುವ ಕೆಲಸ, ಅರ್ಧ ಕನ್ನಡ ಅರ್ಧ ತೆಲುಗಿನ ಬಾಯಿ. ವ್ಯಾನ್ ನಡೆಸಲು ಶಿರಾದ ರಫೀಕ್. ದಾರಿ ಹಂಚುವ ದಿನ ಎಲ್ಲರೂ ನಮ್ಮ ಜಗಲಿಯಲ್ಲಿ ಸೇರಿದ್ದರು. ಮಧುಗಿರಿ ದಾಟಿದ ಮೇಲೆ ಲಾರಿಗಳ ಕಾಟಕ್ಕೆ ಹೆದ್ದಾರಿ ಬಿಟ್ಟು, ಬಂಡೆಗುಡ್ಡದ ಬದಿಯ ಹಳೆಯ ರಸ್ತೆಯಲ್ಲಿ ಐದು ಕಿಲೋಮೀಟರಿನ ಒಂದು ಪಾಲಿತ್ತು. ಅದನ್ನು ಬೆಳಗಿನ ಜಾವಕ್ಕೆ ಮೊದಲು ಯಾರು ಓಡುವುದು? ಅಲ್ಲಿ ಕರಡಿಯಿದೆಯೆಂಬ ಮಾತಿತ್ತು. ನಮ್ಮ ಸೀಮೆಯಲ್ಲಿ ಕರಡಿಯೇ ಇಲ್ಲವೆನ್ನುವಷ್ಟು ಮೂರ್ಖ ನಾನಲ್ಲ. ಆದರೆ ಆ ಗುಡ್ಡದಲ್ಲಿ ನೋಡಿದೆವೆಂದ ಏಳು ಜನರನ್ನು ವಿಚಾರಿಸಿದ್ದೆ. ಏಳೂ ಜನ ಇನ್ನೊಬ್ಬರಿಂದ ಕೇಳಿದವರೇ. ಇದನ್ನು ಟೀ ಅಂಗಡಿಯಲ್ಲಿ ಸಾಕಷ್ಟು ಸಲ ಘೋಷಿಸಿಯೂ ಇದ್ದೆ.

ಓಬಳೇಶ ಕಡಲೆಬೀಜ ಅಗಿಯುತ್ತ ಹೇಳಿದ: “ಎಲುಗುಬಂಟಿ ಇಲ್ಲ ಅನ್ನೋದು ತಾತ ಒಬ್ರೇ ಕದಾ. ಆ ದಾರಿ ತಾತಂಗೇ ಇರ್ಲಿ ಬುಡು ಅಕ್ಕ. ಅದಕ್ಕೂ ತಾತನ ಮಾತು ಕೇಳಿಸ್ದಂಗಾಯ್ತದೆ.”

ಎಲುಗುಬಂಟಿಯೆಂದರೆ ಅವನ ಕಡೆ ಕರಡಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಾಗಲೇ ಹೊಟ್ಟೆಯೊಳಗೆ ತಣ್ಣಗಿನದೊಂದು ಹೊರಳಿತು. ಅದರ ತಪ್ಪನ್ನು ಕುಡಿದ ಮಜ್ಜಿಗೆಯ ಮೇಲೆ ಹಾಕಿ ಸುಮ್ಮನಾದೆ.

ಬಳಗದವರು ಪ್ರತಿ ಪಾಲು ಮುಗಿಯುವಲ್ಲಿ ಒಂದು ಗೂಟ ನೆಟ್ಟು, ಮಿನುಗುವ ಕೆಂಪು ದೀಪ ಕಟ್ಟಿದ್ದರು. ಮೋಟರ್ ಬೈಕಿನ ಮೀಟರು ನೋಡಿ ಅಳೆದರಂತೆ. ಬೈಕಿನ ಮೀಟರು! ನಾನು ಸುಮ್ಮನಿರಲಾದೀತೇ? ಓಟಕ್ಕೆ ಒಂದು ವಾರ ಮುಂಚೆ, ಹೊತ್ತು ಇಳಿಯುವಾಗ, ಜೇಬಿನ ತುಂಬ ಹುಣಸೆಬೀಜ ತುಂಬಿಕೊಂಡು ಒಬ್ಬನೇ ಆ ದಾರಿಗೆ ಹೋದೆ. ನೂರು ಹೆಜ್ಜೆಗೊಂದು ಬೀಜವನ್ನು ಬಲಜೇಬಿನಿಂದ ಎಡಜೇಬಿಗೆ ದಾಟಿಸುವುದು ನಮ್ಮ ಕಸುಬಿನ ಹಳೆಯ ಪದ್ಧತಿ. ಐದು ಕಿಲೋಮೀಟರೆಂದರೆ ಹತ್ತಿರ ಹತ್ತಿರ ಐನೂರು ಸರಪಳಿ, ಅರವತ್ತೈದು ಬೀಜ. ನಡುವಿನ ಮೋರಿಯವರೆಗೆ ಅವರ ಲೆಕ್ಕವೂ ನನ್ನದೂ ಕೂಡಿತು. ಅಲ್ಲಿಂದಾಚೆ ಗುಡ್ಡದ ನೆರಳು ರಸ್ತೆಗೆ ಬಿದ್ದಿತ್ತು. ಕಡೆಯ ಬೀಜ ಎಡಜೇಬಿಗೆ ಬಿದ್ದಾಗ ನಾನೊಂದು ವಾಲಿದ ಬೇವಿನ ಮರದ ಕೆಳಗಿದ್ದೆ. ಪಕ್ಕದಲ್ಲಿ ಆಳೆತ್ತರದ ಹುತ್ತ. ಬಳಗದವರ ಗೂಟ ಅಲ್ಲಿಲ್ಲ. ಅದು ಮುಂದೆ, ತಿರುವಿನಾಚೆ, ದನ ನೀರು ಕುಡಿಯುವ ಒಡೆದ ಕಲ್ಲುಬಾನಿಯ ಬಳಿ ಇತ್ತು. ಮುನ್ನೂರು ಮೀಟರಿನಷ್ಟು ತಪ್ಪು! ನನಗಾದ ಸಂತೋಷವನ್ನು ಏನೆಂದು ಹೇಳಲಿ. ಬೇವಿನ ಬುಡಕ್ಕೆ ಸುಣ್ಣ ಬಳಿದು ಬಂದೆ.

ಬಳಗದವರಿಗೆ ತಿಳಿಸಿದರೆ ನೋಡೋಣವೆಂದರು. ಮನೆಯಲ್ಲಿ ಸವಿತಳಿಗೆ ಸ್ಪಷ್ಟವಾಗಿ ಹೇಳಿದೆ: ನನ್ನಿಂದ ಕೊಳವೆ ಪಡೆಯಬೇಕಾದವಳು ನೀನು, ಅವರ ಗೂಟ ತಪ್ಪು, ಬೇವಿನ ಮರದ ಬಳಿ ನಿಂತಿರು, ನಾನು ಅಲ್ಲಿಗೇ ಬಂದು ನಿಲ್ಲುತ್ತೇನೆ. ಅವಳು ದೋಸೆ ಮಗುಚುತ್ತ, “ಆಯ್ತು ಮಾವ” ಎಂದಳು. ಮದುವೆಯಾಗಿ ಬಂದ ಏಳು ವರ್ಷದಿಂದ ನಾನು ಏನು ಹೇಳಿದರೂ ಅವಳ ಉತ್ತರ ಅದೇ. ಇಂಥ ಸೊಸೆ ಯಾರಿಗುಂಟೆಂದು ಬೀಗುತ್ತಿದ್ದವನು ನಾನು.

ಓಟದ ದಿನ ಪಾವಗಡದಲ್ಲಿ ಅವಳು ಒಂದು ಪೊಟ್ಟಣ ಬಿಚ್ಚಿದಳು. ಅದರೊಳಗೆ ಈ ಗೆಜ್ಜೆಪಟ್ಟಿ.

“ಸೊಂಟಕ್ಕೆ ಕಟ್ಕಳಿ ಮಾವ. ನೀವೇನ್ ನಂಬ್ಬೇಡಿ, ಸುಮ್ನೆ ಕಟ್ಕಳಿ. ನನ್ ಸಮಾಧಾನಕ್ಕೆ.”

ನಾಲ್ಕು ಜನರೆದುರು ಬೇಡವೆನ್ನಲಾಗದೆ ಕಟ್ಟಿಕೊಂಡೆ. ಪಟ್ಟನಾಯಕನಹಳ್ಳಿಯ ಆಸುಪಾಸಿನಲ್ಲಿ ನನ್ನ ಮೊದಲ ಪಾಲು, ಚಿಕ್ಕದು, ಇನ್ನೂ ಜನ ಎಚ್ಚರವಿದ್ದ ಹೊತ್ತು. ಬಿಳಿ ಮೀಸೆಯ ಮನುಷ್ಯನೊಬ್ಬ ಝಲ್ ಝಲ್ಲೆಂದು ಓಡಿಬಂದದ್ದನ್ನು ಕಂಡು ಅಂಗಡಿಯ ಮುಂದಿನವನೊಬ್ಬ, “ಯಾವ್ ಮನೆ ಹೋರಿ ಬಿಚ್ಕಂಡ್ ಬಂತ್ಲಾ” ಎಂದ. ಕರಡಿಯಿಲ್ಲವೆಂದು ವಾದಿಸಿದವನು ಕರಡಿಗೆ ಗೆಜ್ಜೆ ಕಟ್ಟಿಕೊಂಡು ಓಡುವುದೇ? ಮುಂದಿನ ಪಾಲು ಬರುವಷ್ಟರಲ್ಲಿ ಗೆಜ್ಜೆಯನ್ನು ಬಿಚ್ಚಿ, ಕರವಸ್ತ್ರದಲ್ಲಿ ಬಿಗಿಯಾಗಿ ಸುತ್ತಿ, ಅಂಗಿಯೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕಟ್ಟಿಕೊಂಡಂತೆಯೂ ಆಯಿತು, ಕಟ್ಟಿಕೊಳ್ಳದಂತೆಯೂ ಆಯಿತು.

ಮಧುಗಿರಿಯ ಬೆಟ್ಟ ಆಕಾಶದ ಅರ್ಧವನ್ನು ನುಂಗಿ ನಿಂತಿತ್ತು. ಊರು ದಾಟಿದಲ್ಲಿ ನಾನು ಓಬಳೇಶನಿಗಾಗಿ ಕಾಯುತ್ತಿದ್ದೆ. ಅವನು ಬಂದದ್ದು ಕುಂಟುತ್ತ. ಕೊಳವೆಯನ್ನು ನನ್ನ ಕೈಗಿಟ್ಟವನೇ ರಸ್ತೆಯಲ್ಲೇ ಬಿದ್ದ. ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿತ್ತು, ವಾಂತಿಯೂ ಆಯಿತು. ಶಿಕ್ಷಕಿಯರಿಬ್ಬರೂ ಅವನ ಕಾಲು ತಿಕ್ಕತೊಡಗಿದರು. ಆಸ್ಪತ್ರೆಗೆ ಒಯ್ಯಬೇಕೆಂದು ರಫೀಕ್ ಹೇಳಿದ. ಆಗ ಸವಿತ ತೀರ್ಮಾನಿಸಿದಳು: ರಫೀಕ್ ತನ್ನನ್ನು ಮುಂದೆ ಇಳಿಸಿ ವ್ಯಾನ್ ತಿರುಗಿಸಿಕೊಂಡು ಬಂದು ಓಬಳೇಶನನ್ನು ಒಯ್ಯಲಿ, ತಾನು ಸ್ವಲ್ಪ ಹೊತ್ತು ಒಬ್ಬಳೇ ನಿಲ್ಲುತ್ತೇನೆ. ನಾನು ಬೇಡವೆನ್ನಬೇಕಿತ್ತು. ಆದರೆ ಬೇಡವೆಂದರೆ ಕಾರಣ ಹೇಳಬೇಕು. ಕಾರಣವೇ ಇಲ್ಲವೆಂದು ಊರಿಗೆಲ್ಲ ಸಾರಿದವನು ನಾನೇ. ಬಿದ್ದಲ್ಲಿಂದಲೇ ಓಬಳೇಶ, “ತಾತಾ, ಕಂಡ್ರೆ ಓಡ್ಬ್ಯಾಡ. ನಿಧಾನಕ್ಕೆ ಹಿಂದಕ್ಕೆ ಹೋಗು” ಎಂದ. ಈ ಸಲ ಅವನು ನಗಲಿಲ್ಲ.

ಹೊರಟೆ. ಹಣೆಗೆ ಕಟ್ಟಿದ ದೀಪ ಹತ್ತು ಮಾರು ರಸ್ತೆಯನ್ನು ತೋರಿಸುತ್ತಿತ್ತು, ಉಳಿದ ಲೋಕವನ್ನು ಇನ್ನಷ್ಟು ಕಪ್ಪು ಮಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ವ್ಯಾನ್ ನನ್ನನ್ನು ದಾಟಿತು; ಕಿಟಕಿಯಿಂದ ಸವಿತಳ ಕೈ ಕಾಣಿಸಿತು. ಕೆಂಪು ದೀಪಗಳೆರಡು ದೂರದಲ್ಲಿ ಒಂದಾಗಿ ಆರಿಹೋದವು. ಮೋರಿಯ ಬಳಿ ಬರುವಷ್ಟರಲ್ಲಿ ವ್ಯಾನ್ ಎದುರಾಗಿ ಬಂತು. ರಫೀಕ್ ನಿಧಾನಿಸಿ, “ಬಿಟ್ ಬಂದೆ ಚಾಚಾ, ಫಿಕರ್ ಬ್ಯಾಡ” ಎಂದು ಹೊರಟೇಹೋದ. ಎಲ್ಲಿ ಬಿಟ್ಟೆಯೆಂದು ಒಂದು ಮಾತು ಕೇಳಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಕೇಳುವ ಅಗತ್ಯ ಕಾಣಲಿಲ್ಲ. ಅವಳು ‘ಆಯ್ತು ಮಾವ’ ಎಂದಿದ್ದಳಲ್ಲ. ಜೇಬಿನಲ್ಲಿ ಬಡಿಯುತ್ತದೆಂದು ಮೊಬೈಲನ್ನೂ ವ್ಯಾನಿನಲ್ಲೇ ಬಿಟ್ಟಿದ್ದೆ.

ಮೋರಿ ದಾಟಿದ ಮೇಲೆ ಗುಡ್ಡ ಎಡಕ್ಕೆ ಹತ್ತಿರವಾಯಿತು. ನನ್ನ ಹೆಜ್ಜೆಯ ಸದ್ದಿಗೆ ಬಂಡೆಗಳು ಉತ್ತರ ಕೊಡುತ್ತಿದ್ದವು, ಅದೂ ಒಂದು ಹೆಜ್ಜೆ ತಡವಾಗಿ. ನಾನು ನಿಂತರೆ ಆ ಇನ್ನೊಂದು ಹೆಜ್ಜೆ ಆಮೇಲೆ ನಿಲ್ಲುತ್ತಿತ್ತು. ಇದಕ್ಕೆ ಪ್ರತಿಧ್ವನಿಯೆಂದು ಹೆಸರಿರುವುದು ನನಗೆ ತಿಳಿಯದೆ? ಆದರೆ ಹೆಸರು ಗೊತ್ತಿರುವುದರಿಂದ ಬೆನ್ನಿನ ಬೆವರು ಆರುವುದಿಲ್ಲ. ಬೇವಿನ ಮರ ಬರಲಿ, ಸವಿತಳ ದೀಪ ಕಾಣಲಿ ಎಂದಷ್ಟೇ ಅಂದುಕೊಳ್ಳುತ್ತ ಓಡಿದೆ.

ಬೇವಿನ ಮರ ಬಂತು. ಸುಣ್ಣದ ಗುರುತು ಬೆಳ್ಳಗೆ ಹೊಳೆಯಿತು. ಅಲ್ಲಿ ಯಾರೂ ಇರಲಿಲ್ಲ.

ತಲೆ ತಿರುಗಿಸಿದಾಗ ದೀಪ ಹುತ್ತದ ಮೇಲೆ ಬಿತ್ತು. ವಾರದ ಹಿಂದೆ ಆಳೆತ್ತರ ನಿಂತಿದ್ದ ಹುತ್ತದ ಹೊಟ್ಟೆ ಈಗ ಬಗೆದು ಬಿದ್ದಿತ್ತು. ಮಣ್ಣು ಹಸಿಯಾಗಿತ್ತು, ಒಡೆದ ಗೂಡಿನಲ್ಲಿ ಗೆದ್ದಲು ಇನ್ನೂ ಹರಿದಾಡುತ್ತಿದ್ದವು. ಹುತ್ತವನ್ನು ಹೀಗೆ ಬಗೆಯುವುದು ಯಾವುದೆಂದು ಈ ಸೀಮೆಯ ಎಳೆಮಕ್ಕಳಿಗೂ ಗೊತ್ತು. ಇದನ್ನು ನನಗೆ ಎಂಟನೆಯವನೊಬ್ಬ ಹೇಳಲಿಲ್ಲ. ನಾನೇ ನೋಡಿದೆ.

ಅವಳನ್ನು ಇಲ್ಲಿ ನಿಲ್ಲೆಂದವನು ನಾನು. ಮಿನುಗುವ ದೀಪವಿದ್ದ ಗೂಟ ಬಿಟ್ಟು, ಈ ಕತ್ತಲಲ್ಲಿ, ಈ ಹುತ್ತದ ಪಕ್ಕ. ನನ್ನ ಮೊಮ್ಮಗಳು ಆ ಹೊತ್ತಿನಲ್ಲಿ ಮನೆಯಲ್ಲಿ ತನ್ನಪ್ಪನ ಪಕ್ಕ ಮಲಗಿರುತ್ತಾಳೆ, ಬೆಳಗ್ಗೆ ಎದ್ದು ಅಮ್ಮ ಗೆದ್ದಳೇ ಎಂದು ಕೇಳುತ್ತಾಳೆ. ಏನು ಹೇಳಲಿ? ಮರವನ್ನು ಹಿಡಿದುಕೊಂಡೆ. “ಸವಿತಾ” ಎಂದು ಕೂಗಲು ಹೋದರೆ ಬಂದದ್ದು ಗಂಟಲಿನ ಗೊರಗೊರ. ರಸ್ತೆ ಬಿಟ್ಟು ಕುರುಚಲಿಗೆ ಇಳಿದೆ. ಪ್ರತಿ ಬಂಡೆಯ ಹಿಂದೆ ಬೆಳಕು ಹಾಯಿಸುವಾಗ, ಅಲ್ಲಿ ಅವಳು ಕಾಣಲೆಂದೂ ಕಾಣದಿರಲೆಂದೂ ಒಟ್ಟಿಗೇ ಬೇಡಿಕೊಂಡೆ. ಬೇಡಿಕೊಂಡದ್ದು ಯಾರನ್ನೆಂದು ಕೇಳಬೇಡಿ. ಆ ವಿಷಯದಲ್ಲೂ ನಾನು ಹಿಂದೆ ಬಹಳ ವಾದ ಮಾಡಿದ್ದೇನೆ.

ಮೇಲೆಲ್ಲೋ ಒಂದು ಕಲ್ಲು ಉರುಳಿತು. ತಾನಾಗಿ ಉರುಳುವ ಕಲ್ಲು ಹಾಗೆ ನಡುನಡುವೆ ನಿಂತು ಉರುಳುವುದಿಲ್ಲ. ಆಮೇಲೆ ಯಾರೋ ಮೂಗಿನಿಂದ ದೀರ್ಘವಾಗಿ ಉಸಿರು ಬಿಟ್ಟಂತೆ ಸದ್ದು.

ನನ್ನ ಕೈ ಅಂಗಿಯೊಳಗೆ ಹೋದದ್ದು ನನ್ನ ಅಪ್ಪಣೆಯಿಂದಲ್ಲ. ಕರವಸ್ತ್ರದ ಗಂಟು ಬಿಚ್ಚಲಾಗದೆ ಹಲ್ಲಿನಿಂದ ಹರಿದೆ. ಗೆಜ್ಜೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದೆ. ಅಲುಗಿಸಿದೆನೆಂದರೆ ಸುಳ್ಳಾದೀತು; ಕೈ ನಡುಗುತ್ತಿತ್ತು, ಗೆಜ್ಜೆ ಕೈಯಲ್ಲಿತ್ತು. ಎಷ್ಟು ಹೊತ್ತೋ ತಿಳಿಯದು. ಉಸಿರಿನ ಸದ್ದು ದೂರವಾಯಿತೋ, ನನಗೆ ಕೇಳದಾಯಿತೋ, ಅದನ್ನೂ ಹೇಳಲಾರೆ.

ತಿರುವಿನ ಕಡೆಯಿಂದ ಒಂದು ಬೆಳಕು ಕುಣಿಯುತ್ತ ಓಡಿಬಂತು.

“ಮಾವ? ಮಾವ ನೀವೇನಾ?”

ರಸ್ತೆಗೆ ಹತ್ತಿದೆ. ಸವಿತ ನಿಂತಿದ್ದಳು. ಕೈಯಲ್ಲಿ ಒಂದು ಕಲ್ಲು. ಇಬ್ಬರ ದೀಪವೂ ಇಬ್ಬರ ಕಣ್ಣಿಗೆ ಹೊಡೆಯುತ್ತಿತ್ತು. ಒಬ್ಬರ ಮುಖ ಒಬ್ಬರಿಗೆ ಕಾಣಲಿಲ್ಲ, ಅದೇ ಒಳ್ಳೆಯದಾಯಿತು.

“ಎಲ್ಲಮ್ಮ ಹೋಗ್ಬುಟ್ಟಿದ್ದೆ?” ಎಂದೆ.

“ನಾನೆಲ್ಲಿಗೋಗ್ಲಿ. ಕಲ್ಲುಬಾನಿ ತಾವ ಗೂಟದತ್ರನೇ ನಿಂತಿದ್ದೆ. ಹೊತ್ತಾದ್ರೂ ನೀವು ಬರ್ಲಿಲ್ಲ. ಗೆಜ್ಜೆನಾದ್ರೂ ಕೇಳ್ತದೇನೋ ಅಂತ ಉಸ್ರು ಬಿಗಿ ಹಿಡ್ದು ನಿಂತೆ. ಒಂದ್ ಚೂರೂ ಸದ್ದಿಲ್ಲ ಮಾವ. ಸದ್ದಿಲ್ಲ ಅಂದ್ರೆ ನಾನೇನ್ ಅಂದ್ಕಳ್ಳಿ?”

“ಬೇವಿನ ಮರದ ತಾವ ನಿಲ್ಲು ಅಂದಿದ್ನಲ್ಲ. ಆಯ್ತು ಮಾವ ಅಂದೆ.”

ಅವಳು ಕಲ್ಲನ್ನು ಕೆಳಗೆ ಹಾಕಿದಳು.

“ಆಯ್ತು ಅಂದೆ. ಒಪ್ಕಂಡೆ ಅನ್ನಲಿಲ್ಲ. ನೀವು ಬೇಜಾರ್ ಮಾಡ್ಕಬಾರ್ದು ಅಂತ ಏಳು ವರ್ಷದಿಂದ ಅಂಗೇ ಅಂತಿದೀನಿ ಮಾವ.”

ಹುತ್ತದ ಕಡೆ ಅವಳ ಬೆಳಕು ಹೋಗುವುದನ್ನೂ, ಅಲ್ಲಿ ಒಂದು ಕ್ಷಣ ನಿಲ್ಲುವುದನ್ನೂ ನೋಡಿದೆ. ಅವಳು ಕೈ ಚಾಚಿದಳು. ಕೊಳವೆ ಕೊಟ್ಟೆ. ನಾವಿಬ್ಬರೂ ತಿರುವು ದಾಟಿ ಗೂಟದವರೆಗೆ ನಡೆದೆವು. ಅವಳ ಪಾಲು ಅಲ್ಲಿಂದ ಶುರುವಾಗಬೇಕು. ಮುಂದಿನ ಹಳ್ಳಿಯ ದೀಪ ದೂರದಲ್ಲಿ ಕಾಣುತ್ತಿತ್ತು. ಓಟ ಸಾಕೆಂದೆ. ಮುಂದಿನ ಜಾಗದಲ್ಲಿ ನಮಗಾಗಿ ಯಾರೂ ಕಾಯುತ್ತಿಲ್ಲವಾದರೂ ಬೆಳಕಿರುವ ಕಡೆ ಹೋಗುವುದೇ ಒಳ್ಳೆಯದೆಂದು ಅವಳು ಹೇಳಿದಳು. ನನ್ನ ಕಾಲು ಇನ್ನು ಏಳುವುದಿಲ್ಲವೆಂಬುದು ಅವಳಿಗೆ ಕಾಣುತ್ತಿತ್ತು. ರಫೀಕ್‌ಗೆ ಫೋನ್ ಮಾಡಿದಳು. ಅವನು ಆಸ್ಪತ್ರೆಯಿಂದ ಹೊರಟಾಗಿತ್ತು.

“ನ್ಯಾರವಾಗಿ ಹಳ್ಳಿಗೋಗಿ ಅಲ್ಲಿಂದ ಜನ ಕಳಿಸ್ತೀನಿ. ಗೆಜ್ಜೆ ಅಲ್ಲಾಡಿಸ್ತಾನೇ ಇರಿ ಮಾವ. ಸದ್ದು ನಿಂತ್ರೆ ನಾನು ವಾಪಸ್ ಬಂದ್ಬುಡ್ತೀನಿ.”

ಹೀಗೆ ನಾನು ಕಲ್ಲುಬಾನಿಯ ಮೇಲೆ ಕುಳಿತು, ಮಿನುಗುವ ದೀಪದ ಕೆಂಪಿನಲ್ಲಿ, ವ್ಯಾನ್ ಬರುವವರೆಗೂ ಗೆಜ್ಜೆ ಅಲುಗಿಸುತ್ತಲೇ ಇದ್ದೆ. ಅವಳ ಬೆಳಕು ಸಣ್ಣದಾಗುತ್ತ ಹೋಯಿತು. ಕೈ ಸೋತರೂ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವಳು ಹಿಂದಿರುಗಿ ಬರುತ್ತಾಳೆ, ಆ ಹುತ್ತದ ಕಡೆಗೆ. ನನ್ನ ಹೆದರಿಕೆಯೆಲ್ಲ ಈಗ ಆ ಒಂದು ಕೆಲಸಕ್ಕೆ ನಿಂತಿತ್ತು. ಇಂಥ ಸ್ಥಿತಿಯಲ್ಲಿ ರಫೀಕ್ ನನ್ನನ್ನು ಕಂಡ. ಕರಡಿಯ ಕಥೆಗೆ ಬೀಜ ಬಿದ್ದದ್ದು ಅಲ್ಲಿಯೇ. ಓಬಳೇಶ ಮಧ್ಯಾಹ್ನದ ಹೊತ್ತಿಗೆ ಚೇತರಿಸಿಕೊಂಡು, ಆ ಬೀಜಕ್ಕೆ ಎರಡು ಭಾಷೆಯಲ್ಲೂ ನೀರೆರೆದ. ನಮ್ಮ ತಂಡ ಕೊರಟಗೆರೆ ಸೇರಿದ್ದು ಬಿಸಿಲೇರಿದ ಮೇಲೆ, ಎಲ್ಲರಿಗಿಂತ ಕೊನೆಗೆ.

ವಾರ ಕಳೆದು, ಹಾಡುಹಗಲಿನಲ್ಲಿ, ಮಗನನ್ನು ಜೊತೆಗಿಟ್ಟುಕೊಂಡು ಅಳತೆಯ ಟೇಪ್ ಹಿಡಿದು ಮತ್ತೆ ಆ ದಾರಿಗೆ ಹೋದೆ. ಮೊದಲಿನಿಂದ ಕೊನೆಯವರೆಗೆ ಹಾಸಿದೆವು. ಬಳಗದವರ ಗೂಟ ಒಂದು ಸರಪಳಿಯಷ್ಟೂ ತಪ್ಪಿರಲಿಲ್ಲ. ತಪ್ಪಿದ್ದು ನನ್ನ ಬೇವಿನ ಮರ. ಅಲ್ಲಿಯೇ ಕುಳಿತು ಗುಣಿಸಿ ಭಾಗಿಸಿ ನೋಡಿದೆ. ಮೋರಿಯವರೆಗೆ ಸರಪಳಿಗೆ ಹದಿಮೂರು ಹೆಜ್ಜೆ. ಮೋರಿಯಿಂದಾಚೆ, ಗುಡ್ಡದ ನೆರಳಿನಲ್ಲಿ, ಹದಿನೈದು. ಆ ಸಂಜೆ ಒಬ್ಬನೇ ಬೀಜ ದಾಟಿಸುತ್ತ ನಡೆದಾಗ, ಕರಡಿಯಿಲ್ಲವೆಂದು ಬಾಯಿ ಹೇಳುತ್ತಿದ್ದಾಗಲೇ, ನನ್ನ ಕಾಲುಗಳು ಹೆದರಿ ಕುಗ್ಗಿದ್ದವು. ಅದನ್ನು ನನಗೆ ತಿಳಿಸದೆ ಹುಣಸೆಬೀಜಕ್ಕೆ ತಿಳಿಸಿದ್ದವು. ಬೈಕಿನ ಮೀಟರಿಗೆ ಹೆದರಿಕೆಯಿಲ್ಲ. ಅದಕ್ಕೇ ಅದು ಸರಿಯಾಗಿತ್ತು.

ಮನೆಗೆ ಬಂದಾಗ ಸವಿತ ಎಷ್ಟು ಬಂತೆಂದು ಕೇಳಿದಳು. ಅವರದೇ ಸರಿಯೆಂದೆ. ಅವಳು ಮುದ್ದೆಯ ತಟ್ಟೆಯನ್ನು ಮುಂದಿಟ್ಟು, ಬಸ್ಸಾರು ಬಡಿಸಿದಳು, ಅಷ್ಟೇ. ಅಂದಿನಿಂದ ನಾನು ಏನಾದರೂ ಹೇಳಿದರೆ ಅವಳು ಕೆಲವು ಸಲ ‘ಇಲ್ಲ ಮಾವ’ ಎನ್ನುತ್ತಾಳೆ. ಕಿವಿಗೆ ಹೊಸದಾದ್ದರಿಂದ ಪ್ರತಿ ಸಲವೂ ಸ್ವಲ್ಪ ಬೆಚ್ಚುತ್ತೇನೆ. ಆದರೆ ಅವಳು ಆಯಿತೆಂದಾಗ ನೆಮ್ಮದಿಯಿಂದ ನಿದ್ರೆ ಬರುತ್ತದೆ.

ಬಾಗಿಲು ತೆರೆದು ಗೆಜ್ಜೆ ಝಲ್ಲೆಂದಾಗಲೆಲ್ಲ ಅಜ್ಜ ನೆನಪಾಗುತ್ತಾನೆ. ಗೆಜ್ಜೆ ಕರಡಿಗೆಂದು ತಂದೆ ಹೇಳಿದರು; ಓಡುವವನ ಹೆದರಿಕೆಗೆಂದು ನಾನು ವಾದಿಸಿದೆ. ಕಡಲೆಕಾಯಿಯ ಅಂಗಳದ ಆ ಕಥೆಯಲ್ಲಿ ಚೀಲ ತೆಗೆದುಕೊಳ್ಳಲು ಗುಡಿಸಲಿನ ಮುಂದೆ ಒಬ್ಬ ಕಾದು ನಿಂತಿದ್ದನಲ್ಲ, ಅಮಾವಾಸ್ಯೆಯಲ್ಲಿ, ಒಬ್ಬನೇ, ಉಸಿರು ಬಿಗಿಹಿಡಿದು. ದೂರದಿಂದ ಸದ್ದು ಕೇಳಿದ ಮೇಲಷ್ಟೇ ಅವನು ಉಸಿರು ಬಿಟ್ಟಿರಬೇಕು. ತಂದೆ ಅವನ ಹೆಸರು ಹೇಳಲಿಲ್ಲ. ಕರಡಿ ತಲೆ ಬಾಗಿಸಿದ್ದನ್ನು ಕೇಳಿ ಏಟು ತಿಂದ ನಾನು, ಅಲ್ಲಿ ನಿಂತಿದ್ದವರು ಯಾರಪ್ಪಾ ಎಂದು ಮಾತ್ರ ಕೇಳಲಿಲ್ಲ. ಈಗ ಕೇಳಲು ಯಾರೂ ಉಳಿದಿಲ್ಲ.

ಮುಂದಿನ ಓಟಕ್ಕೆ ಹೆಸರು ಕೊಟ್ಟಾಗಿದೆ. ದಾರಿ ಹಂಚಲು ಎಲ್ಲರೂ ಮತ್ತೆ ಜಗಲಿಯಲ್ಲಿ ಸೇರಿದ್ದರು. ಗುಡ್ಡದ ಪಾಲು ಬೇರೆಯವರಿಗಿರಲೆಂದು ಓಬಳೇಶನೇ ಹೇಳಿದ. ನಾನು ಒಪ್ಪಲಿಲ್ಲ, ಹಟವೆಂಬುದು ಒಂದು ರಾತ್ರಿಗೆ ಬಿಟ್ಟುಹೋಗುವ ಜ್ವರವಲ್ಲ. ಆದರೆ ಹೊಟ್ಟೆಯೊಳಗಿನ ತಣ್ಣಗಿನದು ಆಗಲೇ ಹೊರಳತೊಡಗಿದೆ, ಈ ಸಲ ಅದರ ತಪ್ಪನ್ನು ಮಜ್ಜಿಗೆಯ ಮೇಲೆ ಹೊರಿಸಿಲ್ಲ. ಎಲ್ಲರೂ ಎದ್ದುಹೋದ ಮೇಲೆ, ಎಲ್ಲಿ ನಿಲ್ಲುತ್ತೀಯಮ್ಮ ಎಂದು ಸವಿತಳನ್ನು ಕೇಳಿದೆ.

“ಕಲ್ಲುಬಾನಿ ತಾವ. ರಫೀಕಣ್ಣನ್ನೂ ನಿಲ್ಲಿಸ್ಕಂಡಿರ್ತೀನಿ. ನೀವು ಗೆಜ್ಜೆ ಸುತ್ಬೇಡಿ ಮಾವ.”

“ಆಯ್ತಮ್ಮ” ಎಂದೆ. ಒಪ್ಪಿಕೊಂಡೇ ಅಂದೆ.